ಮೊದಲು ಲೆಕ್ಕದ ಪುಸ್ತಕ ಬಿಚ್ಚಿಸಿ: ಸಮಾಜಕಾರ್ಯ ಅಧ್ಯಯನ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ವಿಶ್ವವಿದ್ಯಾನಿಲಯಗಳ ಹಾಗೂ ಸ್ವಾಯತ್ತ ಕಾಲೇಜುಗಳ ಸಮಾಜಕಾರ್ಯ ಅಧ್ಯಯನ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

‘ಸಮಾಜ ಕಲ್ಯಾಣ’ ಅಂದ ಕೂಡಲೇ ನಮ್ಮ ಕಡೆಯ ವಿದ್ಯಾರ್ಥಿಗೆ ನೆನಪಾಗುವುದು ಸಮಾಜ ಕಲ್ಯಾಣ ಇಲಾಖೆ: ಅದರ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಜಾತಿ-ಆದಾಯ ಪ್ರಮಾಣಪತ್ರ. ಅದಕ್ಕೆ ‘ಅಂತರರಾಷ್ಟ್ರೀಯ’ ಎಂಬ ಮಾತು ಸೇರಿದರೆ ವಿಶ್ವಸಂಸ್ಥೆಯ ನೀಲಿ ಬಾವುಟ. ಇನ್ನು ‘ಸಾಮಾಜಿಕ ಉದ್ಯಮ’ ಎಂದರೆ ಒಳ್ಳೆಯವರು ನಡೆಸುವ ವ್ಯಾಪಾರ, ಅಷ್ಟೇ. ಸೆಮಿಸ್ಟರ್ ಶುರುವಾಗುವಾಗ ಹೀಗೆ ತಿಳಿದುಕೊಂಡಿದ್ದರೆ ತಪ್ಪೇನಿಲ್ಲ. ಸೆಮಿಸ್ಟರ್ ಮುಗಿದು ಅಂಕಪಟ್ಟಿ ಕೈಗೆ ಬಂದ ಮೇಲೂ ಹೀಗೇ ತಿಳಿದುಕೊಂಡಿರುತ್ತಾರೆ ಎಂಬುದೇ ಈ ಪತ್ರಕ್ಕೆ ಕಾರಣ.

ಅಂತರರಾಷ್ಟ್ರೀಯ ಸಮಾಜ ಕಲ್ಯಾಣ, ಸಾಮಾಜಿಕ ಉದ್ಯಮ ಎಂಬ ಈ ಎರಡು ವಿಷಯಗಳ ಪತ್ರಿಕೆಯನ್ನು ಹೆಚ್ಚಿನ ಕಡೆ ಕಲಿಸುವ ರೀತಿ ತಮಗೆ ಗೊತ್ತೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) ಸ್ಥಾಪನೆ 1919, ಬ್ರಿಟನ್ನಿನ ಬೆವರಿಜ್ ವರದಿ 1942, ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ 1948, ಸುಸ್ಥಿರ ಅಭಿವೃದ್ಧಿ ಗುರಿಗಳು 17. ಆಮೇಲೆ ಬಾಂಗ್ಲಾದೇಶದಲ್ಲಿ ಬಡವರಿಗೆ ಕಿರುಸಾಲ ಕೊಡುವ ಗ್ರಾಮೀಣ್ ಬ್ಯಾಂಕ್ ಕಟ್ಟಿದ ಮುಹಮ್ಮದ್ ಯೂನುಸ್ ಅವರ ಜೋಬ್ರಾ ಗ್ರಾಮದ ಕಥೆ, 2006ರ ನೊಬೆಲ್ ಶಾಂತಿ ಪ್ರಶಸ್ತಿ, ಚಪ್ಪಾಳೆ. ಇಸವಿಗಳು ಬೇಡ ಎಂದು ನಾವು ಹೇಳುತ್ತಿಲ್ಲ. ಆದರೆ ಜಮಾ-ಖರ್ಚು ನೋಡಲು ಬಾರದ ವಿದ್ಯಾರ್ಥಿಗೆ ಸಾಮಾಜಿಕ ಉದ್ಯಮ ಕಲಿಸುವುದೆಂದರೆ ನೀರಿಗಿಳಿಸದೆ ಈಜು ಕಲಿಸಿದ ಹಾಗೆ. ಒಂದು ಮನೆಗೆ ಯಾವ ಸವಲತ್ತು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಹೇಳಲಾಗದವನು ಸ್ವೀಡನ್ನಿನ ಕಲ್ಯಾಣ ರಾಜ್ಯದ ಬಗ್ಗೆ ಹತ್ತು ಅಂಕಕ್ಕೆ ಬರೆದು ಏನು ಪ್ರಯೋಜನ?

ನಮ್ಮ ಕೋರಿಕೆ ಒಂದೇ. ನಾಲ್ಕು ಕ್ರೆಡಿಟ್‌ನ ಈ ಪತ್ರಿಕೆಯನ್ನು ಎರಡಾಗಿ ಒಡೆಯಿರಿ. ಎರಡು ಕ್ರೆಡಿಟ್ ತರಗತಿಗೆ, ಎಂದರೆ 30 ಗಂಟೆ. ಇನ್ನೆರಡು ಕ್ರೆಡಿಟ್ ಕ್ಷೇತ್ರಕ್ಕೆ, ಎಂದರೆ 60 ಗಂಟೆ. ಐದೈದು ಜನರ ಗುಂಪಿಗೆ ಒಂದು ಮನೆ, ಒಂದು ಸಂಸ್ಥೆ, ಒಂದು ಲೆಕ್ಕದ ಪುಸ್ತಕ ಸಿಗಲಿ. ಹೊರದೇಶದ ಪ್ರತಿಯೊಂದು ಪಾಠವೂ ಈ ಮೂರರಲ್ಲಿ ಯಾವುದಾದರೊಂದರ ಮೇಲೆ ಬಂದು ಕೂರಲಿ. ಇದನ್ನು ಹೇಗೆ ಮಾಡುವುದು, ಎಲ್ಲಿ ಎಡವುತ್ತೇವೆ ಎಂಬುದನ್ನು ಮುಂದೆ ಬಿಡಿಸಿ ಬರೆದಿದ್ದೇವೆ.

ಮನೆಯಿಂದಲೇ ಶುರು ಮಾಡೋಣ. ಐಎಲ್‌ಒದ 1952ರ 102ನೇ ಒಡಂಬಡಿಕೆ ಸಾಮಾಜಿಕ ಭದ್ರತೆಯನ್ನು ಒಂಬತ್ತು ಕವಲುಗಳಾಗಿ ವಿಂಗಡಿಸುತ್ತದೆ: ವೈದ್ಯಕೀಯ ಆರೈಕೆ, ಕಾಯಿಲೆ ರಜೆಯ ಭತ್ಯೆ, ನಿರುದ್ಯೋಗ, ವೃದ್ಧಾಪ್ಯ, ಕೆಲಸದಲ್ಲಾದ ಗಾಯ, ಕುಟುಂಬ, ಹೆರಿಗೆ, ಅಂಗವೈಕಲ್ಯ, ದುಡಿಯುವವರು ತೀರಿಕೊಂಡರೆ ಅವಲಂಬಿತರಿಗೆ ನೆರವು. ಭಾರತ ಇದನ್ನು ಅನುಮೋದಿಸಿಲ್ಲ. ಇದನ್ನು ಬಾಯಿಪಾಠ ಮಾಡಿಸುವ ಬದಲು ಒಂದು ಹಾಳೆಯಲ್ಲಿ ಒಂಬತ್ತು ಸಾಲು ಎಳೆಸಿ. ಮದ್ದೂರು ಕಡೆಯ ಒಂದು ಮನೆ ಹಿಡಿಯಿರಿ: ಗಾರ್ಮೆಂಟ್ಸ್‌ಗೆ ಹೋಗುವ ಹೆಂಡತಿ, ಕೂಲಿಗೆ ಹೋಗುವ ಗಂಡ, ಪಿಂಚಣಿಯ ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹೆಂಡತಿಯ ಸಂಬಳ ತಿಂಗಳಿಗೆ 21,000 ರೂಪಾಯಿ ದಾಟದಿದ್ದರೆ ಕಾರ್ಮಿಕರ ರಾಜ್ಯ ವಿಮೆ (ಇಎಸ್‌ಐ) ಇರುತ್ತದೆ, ಅವಳಿಂದ ಶೇ. 0.75, ಮಾಲೀಕರಿಂದ ಶೇ. 3.25. ಹಾಗಾಗಿ ಅವಳ ಕಾಲಂನಲ್ಲಿ ಚಿಕಿತ್ಸೆ, ಕಾಯಿಲೆ, ಹೆರಿಗೆ, ಗಾಯ ಎಲ್ಲಕ್ಕೂ ಟಿಕ್ ಬೀಳುತ್ತದೆ. ಗಂಡನ ಕಾಲಂ? ತೆಂಗಿನ ಮರದಿಂದ ಬಿದ್ದರೆ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಬಹುದು, ಅದೂ ಹೆಂಡತಿಯ ಹೆಸರಿನಲ್ಲಿ. ಮಲಗಿದಷ್ಟು ದಿನದ ಕೂಲಿ ಯಾರೂ ಕೊಡುವುದಿಲ್ಲ. ಅತ್ತೆಯ ಪಿಂಚಣಿಯಲ್ಲಿ ಕೇಂದ್ರದ ಪಾಲು 60ರಿಂದ 79 ವಯಸ್ಸಿನವರೆಗೆ 200 ರೂಪಾಯಿ, 80 ತುಂಬಿದ ಮೇಲೆ 500. ಉಳಿದದ್ದನ್ನು ರಾಜ್ಯ ಹಾಕುತ್ತದೆ. ಒಂದೇ ಸೂರಿನ ಕೆಳಗೆ ಒಬ್ಬಳಿಗೆ ಜರ್ಮನಿಯ ಬಿಸ್ಮಾರ್ಕ್ 1883ರಲ್ಲಿ ಶುರುಮಾಡಿದ ವಿಮೆಯ ಮಾದರಿ, ಇನ್ನೊಬ್ಬಳಿಗೆ ತೆರಿಗೆ ದುಡ್ಡಿನ ಸಹಾಯಧನ, ಮತ್ತೊಬ್ಬನಿಗೆ ಬರೀ ಕೈ. ಕಲ್ಯಾಣ ರಾಜ್ಯದ ಮೂರು ಮಾದರಿಗಳನ್ನು ತಿಳಿಸಿಕೊಡಲು ಇದಕ್ಕಿಂತ ಒಳ್ಳೆಯ ಚಿತ್ರ ಯಾವ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ.

ಈ ಹಾಳೆ ತುಂಬಿಸುವಾಗ ಒಂದು ಜಗಳ ಖಂಡಿತ ಏಳುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಯಾವ ಸಾಲಿಗೆ ಹಾಕುವುದು? ‘ಕುಟುಂಬ’ದ ಸಾಲಿಗೆ ಎಂದು ಅರ್ಧ ತರಗತಿ ಹೇಳುತ್ತದೆ. ಆದರೆ ಒಡಂಬಡಿಕೆಯ ಪ್ರಕಾರ ಆ ಸಾಲು ಮಕ್ಕಳನ್ನು ಸಾಕುವ ಖರ್ಚಿಗೆ. ಗೃಹಲಕ್ಷ್ಮಿ ಮಕ್ಕಳಿಲ್ಲದ ಯಜಮಾನಿಗೂ ಬರುತ್ತದೆ. ಜಗಳ ಬಿಡಿಸಬೇಡಿ, ನಡೆಯಲಿ. ಈ ಯೋಜನೆಗೆ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು, ಇದೇ ಮೈಸೂರಿನಲ್ಲಿ. ಇದರ ಪಕ್ಕಕ್ಕೆ ಬ್ರೆಜಿಲ್‌ನ ಬೊಲ್ಸಾ ಫಮಿಲಿಯಾ ಇಡಿ. 2003ರಲ್ಲಿ ಆರಂಭವಾದ ಆ ಯೋಜನೆಯಲ್ಲೂ ದುಡ್ಡು ಬಹುಪಾಲು ತಾಯಂದಿರ ಕೈಗೇ ಹೋಗುತ್ತದೆ, ಆದರೆ ಷರತ್ತಿದೆ: ಮಕ್ಕಳು ಶಾಲೆಗೆ ಹೋಗಿರಬೇಕು, ಲಸಿಕೆ ಆಗಿರಬೇಕು. ನಮ್ಮಲ್ಲಿ ಷರತ್ತಿಲ್ಲ, ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು, ಅಷ್ಟೇ. ಷರತ್ತು ಹಾಕಿದರೆ ಅದು ಪಾಲನೆಯಾಗಿದೆಯೇ ಎಂದು ನೋಡುವವರು ಯಾರು, ಆ ಉಸ್ತುವಾರಿಯ ಖರ್ಚು ಎಷ್ಟು, ಮೂರು ತಿಂಗಳು ಕಬ್ಬು ಕಡಿಯಲು ವಲಸೆ ಹೋದ ಮನೆಯ ಮಗುವಿನ ಹಾಜರಿ ಏನು ಮಾಡುವುದು? ಮೆಕ್ಸಿಕೋದಲ್ಲಿ 1997ರಲ್ಲಿ ಪ್ರೋಗ್ರೆಸಾ ಶುರುವಾದಾಗ ಕೆಲವು ಹಳ್ಳಿಗಳಿಗೆ ಮೊದಲು, ಕೆಲವಕ್ಕೆ ಆಮೇಲೆ ಎಂದು ಹಂಚಿದ್ದರಿಂದ ಪರಿಣಾಮ ಅಳೆಯಲು ಸಾಧ್ಯವಾಯಿತು. ಎಲ್ಲರಿಗೂ ಏಕಕಾಲಕ್ಕೆ ಕೊಟ್ಟುಬಿಟ್ಟರೆ ಹೋಲಿಸಿ ನೋಡಲು ಯಾರು ಉಳಿಯುತ್ತಾರೆ? ಇಂಥ ಪ್ರಶ್ನೆ ಕೇಳಬಲ್ಲವರನ್ನು ತಯಾರು ಮಾಡೋಣ.

ಕೈಗೆ ದುಡ್ಡು ಬಾರದ ಯಜಮಾನಿಯರನ್ನು ಭೇಟಿ ಮಾಡುವುದು ಇನ್ನೂ ದೊಡ್ಡ ಪಾಠ. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಅಥವಾ ಎರಡು ಬ್ಯಾಂಕಿನಲ್ಲಿ ಖಾತೆ ಇದ್ದು, ಆಧಾರ್ ಸೀಡಿಂಗ್ ಕೊನೆಗೆ ಯಾವ ಖಾತೆಗೆ ಆಗಿದೆಯೋ ಅಲ್ಲಿಗೆ ಹಣ ಹೋಗಿರುತ್ತದೆ; ಆಕೆ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿರುವುದು ಇನ್ನೊಂದರದ್ದು. ಇದನ್ನು ಪತ್ತೆಹಚ್ಚಿ ಸರಿಪಡಿಸಿಕೊಟ್ಟ ವಿದ್ಯಾರ್ಥಿಗೆ ಕಲ್ಯಾಣ ಯೋಜನೆಯ ‘ಅನುಷ್ಠಾನ’ ಎಂಬ ಪದದ ಅರ್ಥ ಮತ್ತೆ ಹೇಳಿಕೊಡಬೇಕಾಗಿಲ್ಲ.

ಅಂತರರಾಷ್ಟ್ರೀಯ ಎನ್ನುವುದು ಮೈಸೂರು ಜಿಲ್ಲೆಯೊಳಗೇ ಇದೆ. ಮಡಿಕೇರಿ ಕಡೆಯ ಬಸ್ಸು ಹತ್ತಿ ಕುಶಾಲನಗರಕ್ಕಿಂತ ಸ್ವಲ್ಪ ಮೊದಲು ಕೊಪ್ಪದಲ್ಲಿ ಇಳಿದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. ಅರುವತ್ತರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಕೊಟ್ಟ ಕಾಡುನೆಲದಲ್ಲಿ ಟಿಬೆಟನ್ನರ ಮೊದಲ ವಸತಿ ಎದ್ದಿತು, 1969ರಲ್ಲಿ ಎರಡನೆಯದು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದಿದೆ. ನಿರಾಶ್ರಿತರ ಪುನರ್ವಸತಿಯ ಪಾಠಕ್ಕೆ ಪರದೆಯ ಮೇಲೆ ದೂರದ ಶಿಬಿರಗಳನ್ನು ತೋರಿಸುವ ನಾವು ಇಲ್ಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವುದು ಚಿನ್ನದ ದೇವಸ್ಥಾನದ ಮುಂದೆ ಗ್ರೂಪ್ ಫೋಟೊ ತೆಗೆಸಲು!

ಅಲ್ಲಿ ನೋಡಬೇಕಾದದ್ದು ಬೇರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾದರೆ ಆ ಜನ ಯಾವ ಕಾನೂನಿನ ಕೆಳಗೆ ಅಲ್ಲಿದ್ದಾರೆ? ಕಾನೂನಿನ ಲೆಕ್ಕದಲ್ಲಿ ಅವರು ವಿದೇಶಿಯರು, ನೋಂದಣಿ ಪತ್ರ ಇಟ್ಟುಕೊಂಡು ಕಾಲಕಾಲಕ್ಕೆ ನವೀಕರಿಸಬೇಕು. ಆದರೆ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು, ಟಿಬೆಟನ್ನರಿಗೂ ಇದು ಅನ್ವಯ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿದೆ. ಒಂದೇ ಮನೆಯಲ್ಲಿ 1985ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು, 1990ರಲ್ಲಿ ಹುಟ್ಟಿದ ತಮ್ಮ ಅಲ್ಲ ಎಂಬ ಸ್ಥಿತಿ ಬರಬಹುದು. ಭೂಮಿ ಗುತ್ತಿಗೆ, ಬ್ಯಾಂಕ್ ಸಾಲ, ಸರ್ಕಾರಿ ಕೆಲಸ ಎಲ್ಲವೂ ಈ ಎರಡು ಸಾಲಿನ ಕಾನೂನಿಗೆ ತಗುಲಿಕೊಂಡಿವೆ. ವಸತಿಯ ಸಹಕಾರ ಸಂಘ ಹೇಗೆ ನಡೆಯುತ್ತದೆ, ಯುವಕರು ಹೊರದೇಶಕ್ಕೆ ಹೋದ ಮೇಲೆ ಜೋಳದ ಹೊಲ ಮಾಡುವವರು ಯಾರು, ಸುತ್ತಲಿನ ಹಳ್ಳಿಯ ಕೂಲಿಯಾಳುಗಳಿಗೂ ಅವರಿಗೂ ಇರುವ ಕೊಡುಕೊಳೆ ಎಂಥದ್ದು? ಕೇಳಬೇಕಾದ ಪ್ರಶ್ನೆಗಳು ಇವು.

ಹೋಗುವ ಕ್ರಮವನ್ನೂ ಹೇಳಿಬಿಡುತ್ತೇವೆ, ಹೆಚ್ಚಿನ ತಂಡಗಳು ಎಡವುವುದೇ ಇಲ್ಲಿ. ವಸತಿಯ ಕಚೇರಿಗೆ ಕನಿಷ್ಠ ಮೂರು ವಾರ ಮೊದಲು ವಿಭಾಗದ ಪತ್ರ ಹೋಗಬೇಕು. ಅದರಲ್ಲಿ ಪ್ರಶ್ನೆಗಳ ಪಟ್ಟಿಯೂ ಇರಬೇಕು. ಒಂದು ಸಲಕ್ಕೆ ಹದಿನೈದು ಜನಕ್ಕಿಂತ ಹೆಚ್ಚು ಬೇಡ. ಟಿಬೆಟನ್ನರ ಹೊಸವರ್ಷವಾದ ಲೋಸಾರ್ ಹಬ್ಬದ ದಿನಗಳನ್ನು ಬಿಡಿ. ವಿದೇಶಿ ವಿನಿಮಯ ವಿದ್ಯಾರ್ಥಿಗಳು ಜೊತೆಗಿದ್ದರೆ ಸಂರಕ್ಷಿತ ಪ್ರದೇಶದ ಪರವಾನಗಿಯ ವಿಷಯ ಮೊದಲೇ ಇತ್ಯರ್ಥವಾಗಬೇಕು. ಹಿಂದಿನ ವಾರ ಅರ್ಜಿ ಹಾಕಿದರೆ ಆಗುವ ಕೆಲಸ ಅದಲ್ಲ. ವೃದ್ಧಾಶ್ರಮದಲ್ಲಿ ಕ್ಯಾಮೆರಾ ಬೇಡ. ‘ನಿಮ್ಮ ದೇಶ ಬಿಟ್ಟು ಬಂದಾಗ ಹೇಗನ್ನಿಸಿತು’ ಎಂದು ಎಂಬತ್ತು ವರ್ಷದ ಅಜ್ಜಿಯನ್ನು ಐದು ತಂಡದವರು ಐದು ಸಲ ಕೇಳುವುದು ಸಂಶೋಧನೆಯಲ್ಲ, ಹಿಂಸೆ.

ಈಗ ಸಾಮಾಜಿಕ ಉದ್ಯಮಕ್ಕೆ ಬರೋಣ. ಗೊಂದಲ ಹೆಚ್ಚಿರುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ.

ಮೊದಲ ತರಗತಿಯಲ್ಲಿ ಒಂದೇ ಪ್ರಶ್ನೆ ಕೇಳಿಸಿ: ವರ್ಷದ ಕೊನೆಗೆ ಒಂದು ಲಕ್ಷ ರೂಪಾಯಿ ಉಳಿದಿದೆ, ಅದು ಯಾರಿಗೆ? ಯೂನುಸ್ ಹೇಳುವ ಸಾಮಾಜಿಕ ಉದ್ಯಮದಲ್ಲಿ ಹೂಡಿದವರು ತಾವು ಹಾಕಿದ ಅಸಲನ್ನಷ್ಟೇ ವಾಪಸು ಪಡೆಯಬಹುದು, ಲಾಭಾಂಶವಿಲ್ಲ. ಉಳಿದದ್ದು ಉದ್ಯಮದಲ್ಲೇ ಇರಬೇಕು. ನಮ್ಮ ಕಂಪನಿ ಕಾಯ್ದೆ 2013ರ ಸೆಕ್ಷನ್ 8ರ ಕಂಪನಿಯಲ್ಲೂ ಸದಸ್ಯರಿಗೆ ಲಾಭಾಂಶ ಹಂಚುವಂತಿಲ್ಲ. ಹಳ್ಳಿಯ ಡೇರಿಯಲ್ಲಿ ಬೇರೆ ಲೆಕ್ಕ: ನಿವ್ವಳ ಲಾಭದಲ್ಲಿ ಕನಿಷ್ಠ ಕಾಲು ಭಾಗ ಆಪದ್ಧನಕ್ಕೆ ಹೋಗುತ್ತದೆ, ಉಳಿದುದರಲ್ಲಿ ಷೇರಿಗೆ ಇಷ್ಟು, ಹಾಕಿದ ಹಾಲಿಗೆ ತಕ್ಕಂತೆ ಬೋನಸ್ ಇಷ್ಟು. ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕದವರಿಗೆ ಮಹಾಸಭೆಯಲ್ಲಿ ಮತವೂ ಇಲ್ಲ. ರೈತ ಉತ್ಪಾದಕ ಕಂಪನಿ ಎನ್ನುವುದು ಕಂಪನಿಗೂ ಸಹಕಾರ ಸಂಘಕ್ಕೂ ನಡುವಿನದು. ಹತ್ತು ಜನ ಉತ್ಪಾದಕರು ಸೇರಿದರೆ ಕಟ್ಟಬಹುದು. ಟ್ರಸ್ಟ್‌ನಲ್ಲಿ ಷೇರೇ ಇಲ್ಲ. ಇನ್ನು ಸೇವಾ ಸಂಸ್ಥೆಗಳು ಹಣ ಎತ್ತುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್‌ನ ‘ಝೀರೋ ಕೂಪನ್ ಝೀರೋ ಪ್ರಿನ್ಸಿಪಲ್’ ಪತ್ರಗಳಲ್ಲಿ ಬಡ್ಡಿಯೂ ಇಲ್ಲ, ಅಸಲೂ ಇಲ್ಲ. ಹೆಸರು ಬಾಂಡಿನದು, ಸ್ವಭಾವ ದೇಣಿಗೆಯದು. 2023ರ ಡಿಸೆಂಬರ್‌ನಲ್ಲಿ ಹೀಗೆ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಇವನ್ನೆಲ್ಲ ‘ಸಾಮಾಜಿಕ ಉದ್ಯಮದ ವಿಧಗಳು’ ಎಂದು ಒಂದೇ ಹಗ್ಗಕ್ಕೆ ಕಟ್ಟಿದರೆ ವಿದ್ಯಾರ್ಥಿಗೆ ಏನೂ ಉಳಿಯದು. ಒಂದು ಲಕ್ಷ ಎಲ್ಲಿ ಹೋಯಿತು ಎಂದು ಕೇಳಿದರೆ ಪ್ರತಿಯೊಂದೂ ತಾನಾಗಿ ಬೇರೆಯಾಗುತ್ತದೆ. ಹೊರದೇಶದ ಕಾನೂನುಗಳೂ ಆಗ ಸುಲಭ. ಬ್ರಿಟನ್ನಿನಲ್ಲಿ 2005ರಿಂದ ಇರುವ ಸಮುದಾಯ ಹಿತಾಸಕ್ತಿ ಕಂಪನಿಯಲ್ಲಿ ಆಸ್ತಿಗೇ ಬೀಗ, ಅದು ಸಮುದಾಯದ ಕೆಲಸಕ್ಕೇ ಮೀಸಲು. ಇಟಲಿಯ 1991ರ ಕಾನೂನಿನ ಪ್ರಕಾರ ‘ಬಿ’ ವರ್ಗದ ಸಾಮಾಜಿಕ ಸಹಕಾರ ಸಂಘದ ಕೆಲಸಗಾರರಲ್ಲಿ ಶೇ. 30ರಷ್ಟಾದರೂ ಅಂಗವಿಕಲರು, ಜೈಲಿನಿಂದ ಬಂದವರು, ವ್ಯಸನದಿಂದ ಹೊರಬರುತ್ತಿರುವವರು ಮೊದಲಾದವರು ಇರಬೇಕು.

ಗೆದ್ದ ಕಥೆಗಳಿಗಿಂತ ಎಡವಿದ ಕಥೆಗಳನ್ನು ಹೆಚ್ಚು ಓದಿಸಿ. ಬಾಂಗ್ಲಾದೇಶದ ಬೊಗುರಾದಲ್ಲಿ ಯೂನುಸ್ ಅವರ ಗ್ರಾಮೀಣ್ ಸಂಸ್ಥೆ ಮತ್ತು ಫ್ರಾನ್ಸಿನ ಡನೋನ್ ಕಂಪನಿ ಸೇರಿ 2006ರಲ್ಲಿ ಹುಟ್ಟುಹಾಕಿದ ಮೊಸರಿನ ಉದ್ಯಮ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಪೌಷ್ಟಿಕ ಮಕ್ಕಳಿಗಾಗಿ ಕಬ್ಬಿಣ, ಸತು, ಅಯೋಡಿನ್, ಎ ಜೀವಸತ್ವ ಬೆರೆಸಿದ ‘ಶೊಕ್ತಿ ದೊಯಿ’. 80 ಗ್ರಾಮಿನ ಕಪ್ಪಿಗೆ 5 ಟಾಕಾ. ಹಳ್ಳಿಯ ಹೆಂಗಸರು ಕಮಿಷನ್ ಮೇಲೆ ಮನೆಮನೆಗೆ ಮಾರುತ್ತಿದ್ದರು. 2008ರ ಹೊತ್ತಿಗೆ ಹಾಲಿನ ಬೆಲೆ ಏರಿತು, ಕಪ್ಪಿನ ಬೆಲೆಯನ್ನು 8 ಟಾಕಾಕ್ಕೆ ಏರಿಸಿದರು, ಹಳ್ಳಿಯ ಮಾರಾಟ ನೆಲಕಚ್ಚಿತು. ಆಮೇಲೆ 60 ಗ್ರಾಮಿನ ಕಪ್ಪು 6 ಟಾಕಾಕ್ಕೆ ಬಂತು. ವಿದ್ಯಾರ್ಥಿಗಳ ಕೈಲಿ ಗ್ರಾಮಿನ ಲೆಕ್ಕ ಹಾಕಿಸಿ: ಮೊದಲು ಗ್ರಾಮಿಗೆ 6.25 ಪೈಸೆ, ಏರಿಸಿದಾಗ 10 ಪೈಸೆ, ಚಿಕ್ಕ ಕಪ್ಪಿನಲ್ಲೂ 10 ಪೈಸೆಯೇ! ಅಂದರೆ ಹಳ್ಳಿಯ ತಾಯಿ ಗ್ರಾಮಿನ ದರ ನೋಡುತ್ತಿರಲಿಲ್ಲ, ಕೈಯಲ್ಲಿರುವ ಚಿಲ್ಲರೆ ನೋಡುತ್ತಿದ್ದಳು. ಇನ್ನು ಕಪ್ಪು ಕಾಲುಭಾಗ ಕುಗ್ಗಿದಾಗ ಮಗುವಿಗೆ ಸಿಗುವ ಕಬ್ಬಿಣ, ಸತು ಕುಗ್ಗದಿರಲು ಏನು ಮಾಡಬೇಕು? ಫ್ರಿಜ್ ಇಲ್ಲದ ಹಳ್ಳಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಉಳಿದ ಕಪ್ಪುಗಳ ನಷ್ಟ ಮಾರುವವಳದೋ ಕಂಪನಿಯದೋ? ಪಟ್ಟಣದಲ್ಲಿ ಹೆಚ್ಚು ಬೆಲೆಗೆ ಮಾರಿ ಹಳ್ಳಿಯ ಬೆಲೆ ಇಳಿಸಿದರೆ, ಮಾರುವವರ ಗಮನ ನಿಧಾನವಾಗಿ ಯಾವ ಕಡೆ ವಾಲುತ್ತದೆ?

ಇದರ ಪಕ್ಕಕ್ಕೆ ನಮ್ಮ ಕ್ಷೀರಭಾಗ್ಯ ಇಡಿ. 2013ರಿಂದ ಶಾಲಾ ಮಕ್ಕಳಿಗೆ 150 ಮಿ.ಲೀ. ಹಾಲು, ಹಾಲಿನ ಪುಡಿಯಿಂದ ಮಾಡಿದ್ದು. ಪುಡಿಗೆ ಫ್ರಿಜ್ ಬೇಡ, ಮಗುವಿನ ಕೈಯಿಂದ ಕಾಸು ಬೇಡ, ಹೆಚ್ಚಾದ ಹಾಲಿಗೆ ಒಕ್ಕೂಟಕ್ಕೂ ಒಂದು ದಾರಿ. ಖರ್ಚು ಸರ್ಕಾರದ್ದು. ಮಾರುಕಟ್ಟೆಯಿಂದ ಆಗದ ಕೆಲಸ ಯಾವುದು, ಸರ್ಕಾರದಿಂದ ಆಗದ್ದು ಯಾವುದು ಎಂಬ ಚರ್ಚೆಗೆ ಗೆಜ್ಜಲಗೆರೆಯ ಹಾಲು ಒಕ್ಕೂಟದ ಗೇಟಿನ ಮುಂದೆ ನಿಂತು ಬೊಗುರಾದ ಮೊಸರಿನ ವಿಷಯ ಮಾತಾಡಿದರೆ ಸಾಕು.

ಅರವಿಂದ ಕಣ್ಣಾಸ್ಪತ್ರೆಯ ಬಗ್ಗೆ ಒಂದು ಮಾತು. 1976ರಲ್ಲಿ ಮದುರೆಯಲ್ಲಿ 11 ಹಾಸಿಗೆಯಿಂದ ಆರಂಭವಾದ ಆ ಸಂಸ್ಥೆ ದೊಡ್ಡದು, ಅನುಮಾನವಿಲ್ಲ. ಆದರೆ ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಉಪ್ಪಿನಕಾಯಿಯಿಂದ ಹಿಡಿದು ಅಗರಬತ್ತಿಯವರೆಗೆ ಎಲ್ಲಕ್ಕೂ ‘ಅರವಿಂದ್ ಮಾದರಿ’ ಬರುತ್ತದೆ. ಉಳ್ಳವರಿಂದ ತೆಗೆದು ಇಲ್ಲದವರಿಗೆ ಕೊಡುವ ಲೆಕ್ಕ ಕೂಡುವುದು ಸಂಖ್ಯೆ ಬಹಳ ದೊಡ್ಡದಿದ್ದಾಗ, ಒಬ್ಬ ಸರ್ಜನ್ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಮುಂದಿನ ರೋಗಿ ಸಿದ್ಧವಿದ್ದಾಗ. ವಾರಕ್ಕೆ ನಲವತ್ತು ಬಾಟಲಿ ಉಪ್ಪಿನಕಾಯಿಗೆ ಅದು ಹೊಂದುವುದಿಲ್ಲ.

ಕಿರುಸಾಲದ ಪಾಠವನ್ನಂತೂ ಹಳೆಯ ರೀತಿಯಲ್ಲಿ ಮುಂದುವರಿಸಲೇಬಾರದು. 1983ರಲ್ಲಿ ಬ್ಯಾಂಕಾದ ಗ್ರಾಮೀಣ್‌ನ ಷೇರುಗಳ ಬಹುಪಾಲು ಮುಂದೆ ಸಾಲಗಾರ ಹೆಂಗಸರ ಕೈಗೇ ಬಂತು. ಅದರ ಗುಂಪು ಸಭೆ, ವಾರದ ಕಂತುಗಳನ್ನಷ್ಟೇ ಎತ್ತಿಕೊಂಡು, ಮಾಲೀಕತ್ವವನ್ನು ಅಲ್ಲೇ ಬಿಟ್ಟು ಬಂದದ್ದು ನಮ್ಮ ಕಡೆಯ ‘ಫೈನಾನ್ಸ್’. 2010ರಲ್ಲಿ ಆಂಧ್ರ, 2025ರ ಆರಂಭದಲ್ಲಿ ನಮ್ಮ ರಾಜ್ಯ: ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳು ಮೈಸೂರು, ಚಾಮರಾಜನಗರ ಕಡೆಯಿಂದಲೂ ಬಂದವು. ಆ ವರ್ಷದ ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ. ಅದಕ್ಕಿಂತ ಮೊದಲೇ, 2022ರಿಂದ, ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿತ್ತು: ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಟ್ಟದ್ದು ಕಿರುಸಾಲ, ಮತ್ತು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಒಂದು ಹಾಡಿಯಲ್ಲೋ ಕೇರಿಯಲ್ಲೋ ಕುಳಿತು ಐದು ಮನೆಯ ಸಾಲದ ಕಾರ್ಡುಗಳನ್ನು ಜೋಡಿಸಿ ಈ ಅರ್ಧದ ಲೆಕ್ಕ ಹಾಕಿಸಿ. ತಿಂಗಳಿಗೆ 15,000 ಬರುವ ಮನೆಗೆ ಮಿತಿ 7,500. ಕಾರ್ಡುಗಳ ಮೊತ್ತ ಎಷ್ಟಾಯಿತು?

ಬಡ್ಡಿಯ ಪಾಠ ಕಪ್ಪುಹಲಗೆಯ ಮೇಲೆ ಅರ್ಧ ಗಂಟೆಯದು. 30,000 ಸಾಲ, ‘ಬರೀ 12 ಪರ್ಸೆಂಟ್’, ಒಂದು ವರ್ಷ. ಬಡ್ಡಿ 3,600 ಸೇರಿಸಿ ಹನ್ನೆರಡರಿಂದ ಭಾಗಿಸಿದರೆ ತಿಂಗಳ ಕಂತು 2,800. ಆದರೆ ಆರನೇ ತಿಂಗಳಿಗೆ ಸಾಲ ಪಡೆದವಳ ಕೈಯಲ್ಲಿ ಅಸಲಿನ ಅರ್ಧವೇ ಇದ್ದರೂ ಬಡ್ಡಿ ಪೂರ್ತಿ 30,000ದ ಮೇಲೆ ನಡೆದಿರುತ್ತದೆ. ಇಳಿಕೆ ಬಾಕಿಯ ಲೆಕ್ಕದಲ್ಲಿ ಇದೇ 2,800ರ ಕಂತು ವರ್ಷಕ್ಕೆ ಸುಮಾರು ಶೇ. 21.5 ಬಡ್ಡಿ. ಪ್ರೊಸೆಸಿಂಗ್ ಶುಲ್ಕ, ವಿಮೆ ಎಂದು ಮೊದಲೇ ಮುರಿದುಕೊಂಡಿದ್ದರೆ ಇನ್ನೂ ಮೇಲೆ. ಎಂ.ಎಸ್.ಡಬ್ಲ್ಯು. ಮುಗಿಸಿದವರಿಗೆ ಇದು ಬರಬೇಕು. ಬಾರದಿದ್ದರೆ ಸಂಘದ ಹೆಂಗಸರ ಮುಂದೆ ‘ಆರ್ಥಿಕ ಸಾಕ್ಷರತೆ’ಯ ಭಾಷಣ ಮಾಡಲು ಅವರಿಗೆ ಯಾವ ಹಕ್ಕೂ ಇಲ್ಲ.

ಪ್ರಾಜೆಕ್ಟ್‌ಗೆ ಮಂಡ್ಯದಲ್ಲಿ ಬೆಲ್ಲಕ್ಕಿಂತ ಒಳ್ಳೆಯ ವಸ್ತು ಬೇಕೆ? ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕದ ಬೆಲ್ಲವನ್ನು ಒಂದು ಸ್ತ್ರೀಶಕ್ತಿ ಸಂಘ ಪ್ಯಾಕ್ ಮಾಡಿ ಮಾರುತ್ತದೆ ಎಂದಿಟ್ಟುಕೊಳ್ಳಿ. ಕಬ್ಬು ಟನ್‌ಗೆ 3,400 ರೂಪಾಯಿ, 2024-25ಕ್ಕೆ ಶೇ. 10.25 ಇಳುವರಿಗೆ ಸಕ್ಕರೆ ಕಾರ್ಖಾನೆಗಳು ರೈತರಿಗೆ ಕೊಡಬೇಕೆಂದು ಕೇಂದ್ರ ನಿಗದಿ ಮಾಡಿದ ಬೆಲೆ (ಎಫ್‌ಆರ್‌ಪಿ) ಅದು. ಆಲೆಮನೆಗೆ ಅದು ಅನ್ವಯವಾಗದಿದ್ದರೂ ರೈತ ಅದನ್ನು ನೋಡಿಕೊಂಡೇ ಬೆಲೆ ಹೇಳುತ್ತಾನೆ. ಟನ್ನಿಗೆ 100 ಕೆ.ಜಿ. ಬೆಲ್ಲ ಇಳಿದರೆ ಕೆ.ಜಿ.ಗೆ ಕಬ್ಬಿನ ಖರ್ಚೇ 34. ಅರೆದು ಕಾಯಿಸುವ ಕೂಲಿ 8, ಪ್ಯಾಕಿಂಗ್ 4, ಸಾಗಾಟ 2 ಎಂದು ಹಿಡಿಯೋಣ, ಒಟ್ಟು 48. ಅಂಗಡಿಯ ಬೆಲೆ 75, ಅಂಗಡಿಯವರ ಪಾಲು ಶೇ. 20, ಸಂಘಕ್ಕೆ 60. ಕೆ.ಜಿ.ಗೆ 12 ಉಳಿಯಿತು. ಬಾಡಿಗೆ, ಲೆಕ್ಕ ಬರೆಯುವವರ ಸಂಬಳ, ಕರೆಂಟು ಸೇರಿ ತಿಂಗಳಿಗೆ 12,000 ಆದರೆ 1,000 ಕೆ.ಜಿ. ಮಾರಿದಾಗ ಸಮಕ್ಕೆ ಸಮ. ವಿದ್ಯಾರ್ಥಿಗಳು ಇಲ್ಲಿಗೆ ನಿಲ್ಲಿಸಿ ಸ್ಲೈಡ್ ಮಾಡಿಬಿಡುತ್ತಾರೆ.

ನಿಲ್ಲಿಸಲು ಬಿಡಬೇಡಿ. ಕಬ್ಬು ಕಡಿದು ಎರಡು ದಿನ ಗದ್ದೆಯಲ್ಲೇ ಒಣಗಿ ಇಳುವರಿ 100ರಿಂದ 90 ಕೆ.ಜಿ.ಗೆ ಇಳಿದರೆ ಕಬ್ಬಿನ ಖರ್ಚು ಕೆ.ಜಿ.ಗೆ 37.80 ಆಗುತ್ತದೆ. ಉಳಿಕೆ 12ರಿಂದ 8.20ಕ್ಕೆ ಬೀಳುತ್ತದೆ, ಸಮಕ್ಕೆ ಬರಲು ಮಾರಬೇಕಾದದ್ದು 1,460 ಕೆ.ಜಿ. ಇಳುವರಿ ಹತ್ತರಲ್ಲಿ ಒಂದು ಪಾಲು ಇಳಿದರೆ ಮಾರಾಟದ ಹೊರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಇನ್ನೊಂದು: ಕಬ್ಬಿಗೆ ನಗದು, ಅಂಗಡಿಯವರು ಕೊಡುವುದು ತಿಂಗಳ ಮೇಲೆ, ಗೋದಾಮಿನಲ್ಲಿ ಹದಿನೈದು ದಿನದ ಮಾಲು. ಒಂದೂವರೆ ತಿಂಗಳ ಖರ್ಚು ಕೈಯಲ್ಲಿರಬೇಕು: ಬೆಲ್ಲಕ್ಕೆ 72,000, ಮೇಲ್ಖರ್ಚಿಗೆ 18,000, ಒಟ್ಟು 90,000. ಅದನ್ನು ಮೇಲೆ ಹೇಳಿದ ಶೇ. 21.5ರಂತೆ ತಂದರೆ ತಿಂಗಳಿಗೆ 1,600ರಷ್ಟು ಬಡ್ಡಿ, ಕೆ.ಜಿ.ಗೆ 1.60. ಲಾಭದಲ್ಲಿರುವಾಗಲೇ ಸಂಘಗಳು ಮುಚ್ಚಿಹೋಗುವುದು ಈ ದುಡಿಯುವ ಬಂಡವಾಳದ ಗುಂಡಿಯಲ್ಲಿ. ಕೊನೆಯದು ಬಣ್ಣ. ಹೈಡ್ರೋಸ್ ಇಲ್ಲದ ಬೆಲ್ಲ ಕಪ್ಪಗಿರುತ್ತದೆ, ಗಿರಾಕಿ ಹಳದಿ ಅಚ್ಚು ಕೇಳುತ್ತಾರೆ. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದರೂ ಅಷ್ಟು ಬಿಳುಪು ಬಾರದು. ಹಾಗಾದರೆ ಕಪ್ಪು ಬಣ್ಣವೇ ಗುಣವೆಂದು ಒಪ್ಪಿಸುವ ಖರ್ಚನ್ನು ಯಾವ ಲೆಕ್ಕಕ್ಕೆ ಬರೆಯುವುದು?

ಈ ಅಂಕಿಗಳಲ್ಲಿ ಎಫ್‌ಆರ್‌ಪಿ ಬಿಟ್ಟು ಉಳಿದವು ಲೆಕ್ಕಕ್ಕಾಗಿ ಹಿಡಿದವು. ನಿಜವಾದ ಅಂಕಿಯನ್ನು ವಿದ್ಯಾರ್ಥಿಗಳು ಆಲೆಮನೆಯಿಂದ, ಮಂಡ್ಯದ ಮಾರುಕಟ್ಟೆಯಿಂದ ತರಲಿ. ಅಚ್ಚು, ಬಕೆಟ್, ಕುರಿಕಾಟು ಎಂಬ ಬೆಲ್ಲದ ಬಗೆಗಳಲ್ಲಿ ಒಂದೊಂದಕ್ಕೂ ಬೇರೆ ಧಾರಣೆ.

ಆಡಳಿತದ ವಿಷಯಗಳು ಕೆಲವೇ. ಈ ಪತ್ರಿಕೆಯನ್ನು ಆಗಸ್ಟ್-ಸೆಪ್ಟೆಂಬರ್ ಬರುವ ಸೆಮಿಸ್ಟರಿನಲ್ಲಿ ಇಡಿ. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ನಡೆಯುವುದು ಆಗಲೇ. ಜಮಾ-ಖರ್ಚು, ಲಾಭ-ನಷ್ಟದ ತಖ್ತೆ, ಆಸ್ತಿ-ಜವಾಬ್ದಾರಿ ತಖ್ತೆ ಅಚ್ಚಾದ ಪುಸ್ತಿಕೆ ಸದಸ್ಯರ ಕೈಗೆ ಬರುತ್ತದೆ. ಬೇರೆ ತಿಂಗಳಲ್ಲಿ ಹೋಗಿ ಲೆಕ್ಕ ತೋರಿಸಿ ಎಂದರೆ ಕಾರ್ಯದರ್ಶಿಗೆ ಅನುಮಾನ. ಮಹಾಸಭೆಯ ಪುಸ್ತಿಕೆಯನ್ನು ಅವರೇ ಕರೆದು ಕೊಡುತ್ತಾರೆ. ಕ್ಷೇತ್ರಕಾರ್ಯದ ವರದಿಯನ್ನು ಕನ್ನಡದಲ್ಲಿ ಬರೆಯಲು ಬಿಡಿ. ಇಂಗ್ಲಿಷಿನಲ್ಲೇ ಬೇಕೆಂದರೆ ಹಿಂದಿನ ವರ್ಷದವರ ವರದಿ ಹೆಸರು ಬದಲಾಗಿ ಬರುತ್ತದೆ, ತಮಗೂ ಗೊತ್ತು ನಮಗೂ ಗೊತ್ತು. ಬ್ಯಾನರ್ ಹಿಡಿಯಲು, ಫಾರಂ ತುಂಬಲು ವಿದ್ಯಾರ್ಥಿಗಳನ್ನು ಬಳಸುವ ಸಂಸ್ಥೆಗಳಿಗೆ ಮುಂದಿನ ವರ್ಷ ಕಳಿಸಬೇಡಿ. ಒಪ್ಪಂದ ಪತ್ರದಲ್ಲೇ ‘ಲೆಕ್ಕ ತೋರಿಸುತ್ತೇವೆ’ ಎಂಬ ಸಾಲು ಬರೆಸಿಕೊಳ್ಳಿ. ವಿದೇಶಿ ವಿಶ್ವವಿದ್ಯಾನಿಲಯದ ಜೊತೆ ಆನ್‌ಲೈನ್ ತರಗತಿ ನಡೆಸುವ ಆಸೆಯಿದ್ದರೆ ಢಾಕಾದಿಂದ ಆರಂಭಿಸಿ. ನಮ್ಮ ಹತ್ತೂವರೆಗೆ ಅಲ್ಲಿ ಹನ್ನೊಂದು ಗಂಟೆ; ಯುರೋಪಿನವರಂತೆ ಬೆಳಗಿನ ಜಾವ ಎಬ್ಬಿಸಬೇಕಾಗಿಲ್ಲ. ಮೇಲಾಗಿ ಅವರಿಗೂ ನಮಗೂ ಕಂತಿನ ಕಥೆ ಒಂದೇ.

ಉಳಿದದ್ದು ಪರೀಕ್ಷೆ. ‘ಸಾಮಾಜಿಕ ಉದ್ಯಮದ ಲಕ್ಷಣಗಳನ್ನು ವಿವರಿಸಿ’ ಎಂಬ ಪ್ರಶ್ನೆ ಇರುವವರೆಗೆ ಮೇಲಿನ ಯಾವುದೂ ನಡೆಯುವುದಿಲ್ಲ, ಏಕೆಂದರೆ ಗೈಡ್ ಸಾಕು. ಮುಂದಿನ ಮಂಡಳಿ ಸಭೆಯಲ್ಲಿ ಬೇರೇನನ್ನು ಬದಲಿಸಲು ಆಗದಿದ್ದರೂ ಹದಿನೈದು ಅಂಕದ ಒಂದು ಕಡ್ಡಾಯ ಪ್ರಶ್ನೆ ಸೇರಿಸಿ. ಒಂದು ಸಂಘದ ಎರಡು ಪುಟದ ಲಾಭ-ನಷ್ಟದ ತಖ್ತೆಯನ್ನು, ಹೆಸರು ಅಳಿಸಿ, ಪ್ರಶ್ನೆಪತ್ರಿಕೆಯ ಜೊತೆಗೇ ಕೊಡಿ. ಕ್ಯಾಲ್ಕುಲೇಟರ್‌ಗೆ ಅನುಮತಿ ಇರಲಿ. ಕೆಳಗೆ ಇಷ್ಟೇ ಬರೆಯಿರಿ: ‘ಈ ಸಂಘದಲ್ಲಿ ಉಳಿದ ಹಣ ಯಾರಿಗೆ ಹೋಯಿತು? ಯಾರಿಗೆ ಹೋಗಬೇಕಿತ್ತು? ನಿಮ್ಮ ಉತ್ತರಕ್ಕೆ ತಖ್ತೆಯ ಯಾವ ಸಾಲು ಆಧಾರ?’ ಇಂಥ ಹತ್ತು ತಖ್ತೆಗಳನ್ನು, ಮೌಲ್ಯಮಾಪನದ ಕೀಲಿಯೊಂದಿಗೆ, ಸಭೆಗೆ ಮೊದಲೇ ಸಿದ್ಧಪಡಿಸಿ ಕೊಡಲು ನಾವು ತಯಾರಿದ್ದೇವೆ.

ಇತಿ ತಮ್ಮ ವಿಶ್ವಾಸಿಗಳು,

ಸಮಾಜಕಾರ್ಯ ಅಧ್ಯಾಪಕರು, ಕ್ಷೇತ್ರಕಾರ್ಯ ಮಾರ್ಗದರ್ಶಕರು ಮತ್ತು ಸಹಕಾರ ಸಂಘಗಳ ಲೆಕ್ಕಪರಿಶೋಧಕರು
ಮೈಸೂರು – ಮಂಡ್ಯ